ಆಡಿಗೂ ತೋರಿಸಬಾರದ ಕತ್ತಿ, ಮಕ್ಕಳ ಕಣ್ಣಿಗೆ ಯಾಕೆ?

ನಮ್ಮ ಪ್ರತಿಯೊಂದು ಕುಟುಂಬದಲ್ಲೂ ಇಂಥ ಒಂದು ಮಗು ಇರುತ್ತದೆ. ಬಕ್ರೀದ್‌ಗೆ ತಂದ ಆಡಿಗೆ ವಾರವಿಡೀ ಹಲಸಿನ ಎಲೆ ತಿನ್ನಿಸಿದ ಹುಡುಗ, ಹಬ್ಬದ ಬೆಳಿಗ್ಗೆ ನಮಾಝ್ ಮುಗಿಸಿ ಬಂದವನೇ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಾನೆ. ಇನ್ನೊಂದು ಮನೆಯಲ್ಲಿ ಹುಡುಗಿ ಇರುತ್ತಾಳೆ. ರಸ್ತೆಯಲ್ಲಿ ವಾಹನದಡಿ ಸತ್ತ ಬೆಕ್ಕಿನ ಮರಿಯನ್ನು ನೋಡಿದರೆ ಎರಡು ದಿನ ಅವಳಿಗೆ ಅದೇ ಯೋಚನೆ. ಪಕ್ಕದ ಮನೆಯಲ್ಲಿ ಜೋರು ಮಾತು ಕೇಳಿದರೂ ಅವಳ ಕೈ ತಣ್ಣಗಾಗುತ್ತದೆ.

ಇಂಥ ಮಕ್ಕಳಿಗೆ ನಾವು ಏನು ಹೇಳುತ್ತೇವೆ? ಹುಡುಗನಾದರೆ ಮಾಮಂದಿರು ಸೇರಿ ತಮಾಷೆ ಮಾಡುತ್ತಾರೆ. "ಎಂತ ಮಾರಾಯ, ಇಷ್ಟು ಪುಕ್ಕಲಾ ನೀನು?" ಎನ್ನುತ್ತಾರೆ. ಗಲ್ಫ್‌ನಲ್ಲಿರುವ ಉಪ್ಪನಿಗೆ ಸುದ್ದಿ ಮುಟ್ಟಿದರೆ ಅಲ್ಲಿಂದಲೇ ಬುದ್ಧಿಮಾತು ಬರುತ್ತದೆ: "ದೊಡ್ಡವನಾದೆ, ಇನ್ನು ಗಂಡಸಿನ ಹಾಗೆ ಇರಬೇಕು." ಹುಡುಗಿಯಾದರೆ "ಇವಳಿಗೆ ಎಲ್ಲವೂ ಜಾಸ್ತಿ" ಎಂದು ಸುಮ್ಮನಾಗುತ್ತೇವೆ. ಹತ್ತು ವರ್ಷದವರೆಗೆ ಇದೆಲ್ಲ ನಡೆಯುತ್ತದೆ. ಹದಿಮೂರು, ಹದಿನಾಲ್ಕಕ್ಕೆ ಬಂದಾಗ ಸಂಗತಿ ಬೇರೆಯಾಗುತ್ತದೆ. ಆ ವಯಸ್ಸಿನಲ್ಲಿ ಮನಸ್ಸು ಹಸಿ ಗಾಯದ ಹಾಗೆ ಇರುತ್ತದೆ, ಕೈಯಲ್ಲಿ ಫೋನ್ ಇರುತ್ತದೆ, ಊರಲ್ಲಿ ಏನಾದರೂ ನಡೆದರೆ ಮೊದಲು ನೋಡುವವರು ಅವರೇ ಆಗಿರುತ್ತಾರೆ.

ಮದ್ರಸದಲ್ಲಿ ಮಕ್ಕಳ ಮುಖ ದಿನಾ ನೋಡುವ ನಮಗೆ ಒಂದು ವಿಷಯ ಬೇಗ ಗೊತ್ತಾಗುತ್ತದೆ. ಊರಲ್ಲಿ ಒಂದು ಕೊಲೆಯಾದ ಮರುದಿನ ತರಗತಿಯಲ್ಲಿ ಹೆಚ್ಚಿನ ಮಕ್ಕಳು ಅದನ್ನೇ ಮಾತಾಡುತ್ತಾರೆ. ನಾಲ್ಕೈದು ಮಂದಿ ಮಾತ್ರ ಮಾತಾಡುವುದಿಲ್ಲ. ಕಿತಾಬು ತೆರೆದು ಕೂತಿರುತ್ತಾರೆ, ಪುಟ ಮಗುಚುವುದಿಲ್ಲ. ಈ ಲೇಖನ ಆ ನಾಲ್ಕೈದು ಮಂದಿಯ ಬಗ್ಗೆ.

ಇದು ಕಾಯಿಲೆಯೂ ಅಲ್ಲ, ಹೇಡಿತನವೂ ಅಲ್ಲ

ಅಮೆರಿಕದ ಮನಃಶಾಸ್ತ್ರಜ್ಞೆ ಎಲೈನ್ ಆರನ್ ಅತಿ ಸೂಕ್ಷ್ಮ ಸ್ವಭಾವದವರ ಬಗ್ಗೆ 1996ರಲ್ಲಿ ಒಂದು ಪುಸ್ತಕ ಬರೆದರು. ಅವರ ಲೆಕ್ಕದಲ್ಲಿ ನೂರರಲ್ಲಿ 15ರಿಂದ 20 ಮಂದಿ ಹುಟ್ಟಿನಿಂದಲೇ ಹೀಗೆ ಇರುತ್ತಾರೆ. ಸದ್ದು, ಬೆಳಕು, ಬೇರೆಯವರ ಮುಖದ ನೋವು ಇವೆಲ್ಲ ಅವರಿಗೆ ಉಳಿದವರಿಗಿಂತ ಆಳಕ್ಕೆ ಇಳಿಯುತ್ತವೆ. ಇದನ್ನು ಅವರು ರೋಗ ಎಂದು ಕರೆಯಲಿಲ್ಲ, ಸ್ವಭಾವ ಎಂದರು. ಮೂವತ್ತು ಮಕ್ಕಳ ತರಗತಿ ಎಂದರೆ ಐದಾರು ಮಂದಿ ಅಂಥವರು ಇರುತ್ತಾರೆ ಎಂದಾಯಿತು.

ನಮ್ಮ ಚರಿತ್ರೆಯಲ್ಲೂ ಇದಕ್ಕೆ ದೊಡ್ಡ ಉದಾಹರಣೆ ಉಂಟು. ಪ್ರವಾದಿ (ಸ) ಅವರು ಕೊನೆಯ ಕಾಯಿಲೆಯಲ್ಲಿದ್ದಾಗ ನಮಾಝ್‌ಗೆ ಇಮಾಮರಾಗಿ ನಿಲ್ಲಲು ಅಬೂಬಕರ್ (ರ) ಅವರಿಗೆ ಹೇಳಿ ಕಳಿಸಿದರು. ಮಗಳು ಆಯಿಷಾ (ರ) ಅವರಿಗೆ ಅದೇ ಚಿಂತೆಯಾಯಿತು. ತಂದೆಯವರ ಮನಸ್ಸು ತೀರಾ ಮೃದು, ಕುರ್‌ಆನ್ ಓದುವಾಗ ಅಳು ತಡೆಯಲು ಆಗುವುದಿಲ್ಲ, ಜನರಿಗೆ ಸ್ವರ ಕೇಳಿಸಲಿಕ್ಕಿಲ್ಲ ಎಂದರು. ಆದರೂ ಪ್ರವಾದಿಯವರು ಅವರನ್ನೇ ನಿಲ್ಲಿಸಿದರು. ಅದೇ ಅಬೂಬಕರ್ (ರ) ಮುಂದೆ ಮೊದಲ ಖಲೀಫರಾದರು. ಝಕಾತ್ ಕೊಡುವುದಿಲ್ಲ ಎಂದು ಗೋತ್ರಗಳು ತಿರುಗಿ ನಿಂತಾಗ ಉಮರ್ (ರ) ಅವರಂಥ ಗಟ್ಟಿ ಮನುಷ್ಯರೇ ಹಿಂದೆಮುಂದೆ ನೋಡಿದರು. ಬೇಗ ಅಳುವ ಈ ಮನುಷ್ಯ ಮಾತ್ರ ಅಲುಗಾಡಲಿಲ್ಲ. ಕಣ್ಣೀರು ಬೇಗ ಬರುವವನು ಹೇಡಿ ಎಂದು ಯಾರಾದರೂ ಮಗನಿಗೆ ಹೇಳಿದರೆ ಈ ಚರಿತ್ರೆಯನ್ನು ಅವರಿಗೆ ಹೇಳಿಕೊಡಿ.

ಮೊದಲು ಸುದ್ದಿ ಬರುತ್ತಿತ್ತು, ಈಗ ದೃಶ್ಯ ಬರುತ್ತದೆ

ಹಿಂಸೆ ಹೊಸದಲ್ಲ. ನಮ್ಮ ಅಜ್ಜಂದಿರ ಕಾಲದಲ್ಲೂ ಹೊಡೆದಾಟ ಇತ್ತು, ಕೊಲೆ ಇತ್ತು. ಆದರೆ ಅದು ಮನೆಗೆ ಮಾತಾಗಿ ಬರುತ್ತಿತ್ತು. ಪೇಟೆಯಿಂದ ಬಂದ ಉಪ್ಪ ಉಮ್ಮನ ಹತ್ತಿರ ತಗ್ಗಿದ ಸ್ವರದಲ್ಲಿ ಹೇಳುತ್ತಿದ್ದರು. ಮಕ್ಕಳು ಹತ್ತಿರ ಬಂದರೆ ಮಾತು ನಿಲ್ಲುತ್ತಿತ್ತು. ಮರುದಿನ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಇರುತ್ತಿತ್ತು. ಮಗುವಿನ ಕಣ್ಣಿಗೂ ಆ ರಕ್ತಕ್ಕೂ ಮಧ್ಯೆ ನಾಲ್ಕೈದು ಮಂದಿ ದೊಡ್ಡವರು ನಿಂತಿರುತ್ತಿದ್ದರು.

ಈಗ ಮಧ್ಯೆ ಯಾರೂ ಇಲ್ಲ. 2022ರ ಜುಲೈ 19ರಿಂದ 28ರೊಳಗೆ ಬೆಳ್ಳಾರೆ ಪರಿಸರ ಮತ್ತು ಸುರತ್ಕಲ್‌ನಲ್ಲಿ ಮೂವರು ಯುವಕರ ಮೇಲೆ ದಾಳಿ ನಡೆಯಿತು, ಮೂವರೂ ಜೀವ ಬಿಟ್ಟರು. ಎರಡೂ ಸಮುದಾಯಗಳ ಮನೆಗಳಲ್ಲಿ ಅಳು ಎದ್ದಿತು. ಸುರತ್ಕಲ್‌ನ ಅಂಗಡಿಯೆದುರಿನ ಸಿಸಿಟಿವಿ ದೃಶ್ಯ ಜಿಲ್ಲೆಯ ಫೋನ್‌ಗಳಲ್ಲೆಲ್ಲ ಓಡಾಡಿತು. 2025ರ ಮೇ 1ರಂದು ಬಜ್ಪೆಯಲ್ಲಿ ಒಂದು ಕೊಲೆ, ಅದೇ ತಿಂಗಳ 27ರಂದು ಬಂಟ್ವಾಳ ತಾಲೂಕಿನಲ್ಲಿ ಇನ್ನೊಂದು. ಆಗಲೂ ಅದೇ ಕಥೆ. ಬಸ್ಸು ನಿಂತಿತು, ನಿಷೇಧಾಜ್ಞೆ ಬಂತು, ಮಕ್ಕಳು ಮನೆಯಲ್ಲೇ ಉಳಿದರು. ಮನೆಯಲ್ಲಿ ಉಳಿದವರ ಕೈಯಲ್ಲಿ ಫೋನ್ ಇತ್ತು.

ಆ ವಿಡಿಯೊ ಮಗುವಿಗೆ ಯಾರು ಕಳಿಸಿದ್ದು? ಗುರುತಿಲ್ಲದ ಯಾರೋ ಅಲ್ಲ. ಕುಟುಂಬದ ಗ್ರೂಪ್, ಕ್ಲಾಸಿನ ಗ್ರೂಪ್, ಜಮಾಅತ್‌ನ ಗ್ರೂಪ್. ಕಳಿಸಿದವರು ಮಾಮ, ದೊಡ್ಡ ಮಾಮಿಯ ಮಗ, ಪಕ್ಕದ ಮನೆಯವರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. "ನೋಡಿ, ನಮ್ಮವರಿಗೆ ಹೀಗೆ ಮಾಡಿದ್ದಾರೆ" ಎಂಬ ಸಂಕಟ ಅಷ್ಟೇ. ಆದರೆ ಆ ಗ್ರೂಪಿನಲ್ಲಿ ಏಳನೇ ಕ್ಲಾಸಿನ ಹುಡುಗನೂ ಇದ್ದಾನೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ಇಲ್ಲಿ ಕುರ್ಬಾನಿಯ ಒಂದು ಅದಬ್ ನೆನಪಿಸಿಕೊಳ್ಳಬೇಕು. ಆಡನ್ನು ಮಲಗಿಸಿ ಅದರ ಕಣ್ಣೆದುರೇ ಕತ್ತಿ ಮಸೆಯಬಾರದು. ಒಂದು ಪ್ರಾಣಿಯ ಎದುರು ಇನ್ನೊಂದನ್ನು ಕೊಯ್ಯಬಾರದು. ಹಾಗೆ ಕಣ್ಣೆದುರು ಕತ್ತಿ ಮಸೆಯುತ್ತಿದ್ದ ಒಬ್ಬರನ್ನು ಪ್ರವಾದಿ (ಸ) ಅವರು ಆಕ್ಷೇಪಿಸಿದ್ದರು. ಅದನ್ನು ಎರಡೆರಡು ಸಲ ಸಾಯಿಸಬೇಕಾ, ಮಲಗಿಸುವ ಮೊದಲೇ ಮಸೆಯಬಾರದಿತ್ತಾ ಎಂಬ ಅರ್ಥದಲ್ಲಿ ಕೇಳಿದ್ದರು. ನೋಡುವುದೂ ಒಂದು ಪೆಟ್ಟು ಎಂಬುದನ್ನು ಹದಿನಾಲ್ಕು ಶತಮಾನಗಳ ಹಿಂದೆಯೇ, ಮಾತು ಬಾರದ ಪ್ರಾಣಿಯ ವಿಷಯದಲ್ಲಿ ನಮಗೆ ಕಲಿಸಲಾಗಿದೆ. ಆಡಿಗೆ ಇಷ್ಟು ಹಕ್ಕು ಇರುವಾಗ ನಮ್ಮ ಮಕ್ಕಳ ಕಣ್ಣಿಗೆ ಎಷ್ಟು ಹಕ್ಕು ಇರಬೇಡ?

ನೋಡುವುದರಿಂದ ಏನಾಗುತ್ತದೆ?

"ನೋಡಿದ ಮಾತ್ರಕ್ಕೆ ಎಂತ ಆಗ್ತದೆ?" ಎಂದು ಕೇಳುವವರಿದ್ದಾರೆ. 2013ರ ಏಪ್ರಿಲ್ 15ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಮ್ಯಾರಥಾನ್ ಓಟ ನಡೆಯುತ್ತಿದ್ದಾಗ ಬಾಂಬ್ ಸ್ಫೋಟವಾಯಿತು. ಮುಂದಿನ ವಾರಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಮಂದಿಯನ್ನು ವಿಚಾರಿಸಿದರು. ಸ್ಫೋಟದ ಜಾಗದಲ್ಲಿ ಅಥವಾ ಅದರ ಹತ್ತಿರ ಇದ್ದವರಿಗಿಂತಲೂ, ಮನೆಯಲ್ಲಿ ಕೂತು ಆ ವಾರ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದೇ ಸುದ್ದಿ ನೋಡಿದವರಲ್ಲಿ ಮಾನಸಿಕ ಒತ್ತಡದ ಲಕ್ಷಣಗಳು ಜಾಸ್ತಿ ಕಂಡವು. ನಿದ್ದೆ ಬಾರದಿರುವುದು, ಬೆಚ್ಚಿ ಬೀಳುವುದು, ಕಣ್ಣು ಮುಚ್ಚಿದರೆ ಅದೇ ಕಾಣುವುದು. ಅವರೆಲ್ಲ ದೊಡ್ಡವರು. ಹದಿನಾಲ್ಕರ ಮೃದು ಮನಸ್ಸಿನ ಮಗು ಅದೇ ಇಪ್ಪತ್ತು ಸೆಕೆಂಡಿನ ದೃಶ್ಯವನ್ನು ಮತ್ತೆ ಮತ್ತೆ ನೋಡಿದರೆ ಏನಾಗಬಹುದು ಎಂದು ನಾವೇ ಯೋಚಿಸಬೇಕು.

ಇನ್ನೊಂದು ವಿಷಯವನ್ನು ಜಾರ್ಜ್ ಗರ್ಬ್ನರ್ ಎಂಬ ಸಂಶೋಧಕರು ಟಿವಿ ಕಾಲದಲ್ಲೇ ಹೇಳಿದ್ದರು. ಪರದೆಯ ಮೇಲೆ ಹಿಂಸೆಯನ್ನು ಹೆಚ್ಚು ನೋಡುವವರು ಲೋಕ ಇರುವುದಕ್ಕಿಂತ ಹೆಚ್ಚು ಕ್ರೂರ ಎಂದು ನಂಬಲು ಶುರು ಮಾಡುತ್ತಾರೆ. ಯಾರನ್ನೂ ನಂಬಲಿಕ್ಕಾಗುವುದಿಲ್ಲ, ಹೊರಗೆ ಹೋದರೆ ಅಪಾಯ ಎಂಬ ಭಾವನೆ ಬೆಳೆಯುತ್ತದೆ. ನಮ್ಮ ಕರಾವಳಿಯ ಮಗುವಿಗೆ ಇದರಿಂದ ದೊಡ್ಡ ನಷ್ಟ. ಅವನ ಬಸ್ಸಿನ ಕಂಡಕ್ಟರ್, ಮೀನು ತರುವವರು, ಉಮ್ಮನ ಹೆರಿಗೆ ಮಾಡಿಸಿದ ನರ್ಸ್, ಗಣಿತ ಹೇಳಿಕೊಡುವ ಟೀಚರ್ ಇವರೆಲ್ಲ ಬೇರೆ ಬೇರೆ ಸಮುದಾಯದವರು. ದಿನಾ ಅವರಿಂದ ಅವನಿಗೆ ಒಳ್ಳೆಯದೇ ಆಗುತ್ತಿರುತ್ತದೆ. ಆದರೆ ಅದನ್ನು ಯಾರೂ ವಿಡಿಯೊ ಮಾಡಿ ಫಾರ್ವರ್ಡ್ ಮಾಡುವುದಿಲ್ಲ.

ಬಿರಿಯುವವರು, ಕಲ್ಲಾಗುವವರು

ಇಂಥ ಮಕ್ಕಳು ಎರಡು ದಾರಿಯಲ್ಲಿ ಹೋಗುವುದನ್ನು ನೋಡಬಹುದು. ಕೆಲವರು ಒಳಗೇ ಬಿರಿಯುತ್ತಾರೆ. ಹುಡುಗಿಯರಲ್ಲಿ ಇದು ಹೆಚ್ಚು. ಬೆಳಿಗ್ಗೆ ಹೊಟ್ಟೆನೋವು, ಕಾಲೇಜಿಗೆ ಹೋಗಲು ಮನಸ್ಸಿಲ್ಲ, ಬಸ್ಸಿನಲ್ಲಿ ಯಾರೋ ನೋಡಿದರೆ ಹೆದರಿಕೆ, ಉಪ್ಪ ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ಅಳು. ಡಾಕ್ಟರ್ ಪರೀಕ್ಷೆ ಮಾಡಿದರೆ ಹೊಟ್ಟೆಯಲ್ಲಿ ಏನೂ ಇರುವುದಿಲ್ಲ. ನಾವು "ಕಣ್ಣು ತಾಗಿದೆ" ಎನ್ನುತ್ತೇವೆ.

ಎರಡನೇ ದಾರಿ ನಮಗೆ ಕಾಣುವುದೇ ಇಲ್ಲ. ಅತಿ ಮೃದು ಮನಸ್ಸಿನ ಹುಡುಗ ನೋವು ತಡೆಯಲಾಗದೆ ತನ್ನನ್ನೇ ಕಲ್ಲು ಮಾಡಿಕೊಳ್ಳುತ್ತಾನೆ. ಮೊದಲ ವಿಡಿಯೊ ನೋಡಿ ವಾಂತಿ ಮಾಡಿದವನು ಹತ್ತನೆಯದನ್ನು ನಗುತ್ತಾ ತೋರಿಸುತ್ತಾನೆ. "ಅವರಿಗೂ ಹೀಗೇ ಮಾಡಬೇಕು" ಎನ್ನುತ್ತಾನೆ. ಮನೆಯವರಿಗೆ ಸಮಾಧಾನ: ಅಂತೂ ಮಗ ಗಟ್ಟಿಯಾದ, ಈಗ ಅಳುವುದಿಲ್ಲ. ಅವನು ಗಟ್ಟಿಯಾಗಿಲ್ಲ. ಅಳಲು ಜಾಗ ಸಿಗದೆ ಸಿಟ್ಟಿಗೆ ತಿರುಗಿದ್ದಾನೆ. ಇಂಥ ಹುಡುಗರ ಸಿಟ್ಟನ್ನು ಬಳಸಿಕೊಳ್ಳಲು ಕಾಯುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. ದಾಳಿಗೆ ಕೈ ಬೇಕಾದಾಗ ಅವರು ಹುಡುಕುವುದು ಹದಿನೆಂಟು, ಇಪ್ಪತ್ತರ ಹುಡುಗರನ್ನು. ಜೈಲಿನಲ್ಲಿ ವರ್ಷ ಕಳೆಯುವವರೂ ಅವರೇ, ಸಾಯುವವರೂ ಅವರೇ.

2017ರ ಡಿಸೆಂಬರ್ 6ರಂದು ರಾಜಸ್ಥಾನದ ರಾಜ್‌ಸಮಂದ್‌ನಲ್ಲಿ ಪಶ್ಚಿಮ ಬಂಗಾಳದ ಮಾಲ್ದಾದಿಂದ ಕೂಲಿಗೆ ಬಂದಿದ್ದ ಒಬ್ಬ ಬಡ ಮುಸ್ಲಿಂ ಕಾರ್ಮಿಕನನ್ನು ಕಡಿದು ಸುಡಲಾಯಿತು. ಕೊಂದವನು ಅದರ ವಿಡಿಯೊ ಮಾಡಿಸಿ ಹರಡಿದ. ಆಗ ಫೋನ್ ಹಿಡಿದಿದ್ದವನು ಕೊಲೆಗಾರನ ಸೋದರಳಿಯ, ಹದಿನಾಲ್ಕು ವರ್ಷದ ಹುಡುಗ. ಸತ್ತವರ ಮನೆಯ ದುಃಖಕ್ಕೆ ಸಮವಾದದ್ದು ಯಾವುದೂ ಇಲ್ಲ, ನಿಜ. ಆದರೆ ಫೋನ್ ಹಿಡಿದ ಆ ಕೈಯನ್ನೂ ಮರೆಯಬಾರದು. ನಮ್ಮ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳ ವಯಸ್ಸು ಅದು. ಒಂದು ಮಗುವಿನ ಕೈಯಿಂದ ಅಂಥದ್ದನ್ನು ದೊಡ್ಡವನೊಬ್ಬ ಮಾಡಿಸಿದ್ದ.

"ನೋಡದಿದ್ದರೆ ಕಣ್ಣು ಮುಚ್ಚಿಕೊಂಡ ಹಾಗಲ್ಲವಾ?"

ಇದು ನ್ಯಾಯವಾದ ಪ್ರಶ್ನೆ. 2023ರ ಅಕ್ಟೋಬರ್‌ನಿಂದ ಗಾಝಾದ ಮಕ್ಕಳ ದೃಶ್ಯಗಳು ನಮ್ಮ ಮನೆಗಳಿಗೆ ಬರುತ್ತಿವೆ. ಅವನ್ನು ನೋಡುವುದು, ಹಂಚುವುದು ಉಮ್ಮತ್‌ಗೆ ಸಲ್ಲಿಸುವ ಬಾಧ್ಯತೆ ಎಂದು ಅನೇಕರು ತಿಳಿದಿದ್ದಾರೆ. ಆ ಮಕ್ಕಳು ಅನುಭವಿಸಿದ್ದನ್ನು ನಮ್ಮ ಮಕ್ಕಳಿಗೆ ನೋಡಲಿಕ್ಕೂ ಆಗುವುದಿಲ್ಲವಾ ಎಂದು ಕೇಳುತ್ತಾರೆ.

ತಿಳಿಯುವುದು ಬೇರೆ, ಹೆಣವನ್ನು ನೋಡುವುದು ಬೇರೆ. ನ್ಯೂಝಿಲ್ಯಾಂಡ್‌ನ ಕ್ರೈಸ್ಟ್‌ಚರ್ಚ್ ನಗರದಲ್ಲಿ 2019ರ ಮಾರ್ಚ್ 15ರ ಶುಕ್ರವಾರ ಎರಡು ಮಸೀದಿಗಳಿಗೆ ನುಗ್ಗಿದ ಒಬ್ಬ ಗುಂಡು ಹಾರಿಸಿ 51 ಮಂದಿಯನ್ನು ಕೊಂದ. ಸತ್ತವರಲ್ಲಿ ಭಾರತೀಯರೂ ಇದ್ದರು. ಕೊಲ್ಲುತ್ತಿರುವುದನ್ನು ಆತ ಫೇಸ್‌ಬುಕ್‌ನಲ್ಲಿ ನೇರವಾಗಿ ತೋರಿಸಿದ. ಮೊದಲ 24 ಗಂಟೆಯಲ್ಲಿ ಅದರ 15 ಲಕ್ಷ ಪ್ರತಿಗಳನ್ನು ತೆಗೆದುಹಾಕಿದ್ದಾಗಿ ಫೇಸ್‌ಬುಕ್ ಹೇಳಿತು. ಆ ದೇಶ ಏನು ಮಾಡಿತು? ಕೆಲವೇ ದಿನಗಳಲ್ಲಿ ಆ ವಿಡಿಯೊವನ್ನು ನಿಷೇಧಿಸಿತು. ಇಟ್ಟುಕೊಳ್ಳುವುದು, ಹಂಚುವುದು ಅಪರಾಧವಾಯಿತು, ಹಂಚಿದವರಿಗೆ ಶಿಕ್ಷೆಯೂ ಆಯಿತು. ಆಗಿನ ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಲೆಗಾರನ ಹೆಸರನ್ನು ತಾನು ಹೇಳುವುದೇ ಇಲ್ಲ ಎಂದರು, ಸತ್ತವರ ಹೆಸರು ಹೇಳಿ ಎಂದು ಜನರನ್ನು ಕೇಳಿಕೊಂಡರು. ಇದರಿಂದ ಆ ದೇಶ ಮುಸ್ಲಿಮರ ನೋವಿಗೆ ಕುರುಡಾಯಿತಾ? ಇಲ್ಲ. ವಿಡಿಯೊ ನೋಡದೆಯೇ ಅಲ್ಲಿಯ ಜನ ಮಸೀದಿಯೆದುರು ಹೂ ಇಟ್ಟು ನಿಂತರು.

ಕೊಲೆಗಾರ ವಿಡಿಯೊ ಮಾಡುವುದೇ ಎಲ್ಲರೂ ನೋಡಲಿ, ಹೆದರಲಿ ಎಂದು. ಅದನ್ನು ನಾವು ಸಂಕಟದಿಂದ ಕಳಿಸಿದರೂ ಆಗುವುದು ಅವನ ಕೆಲಸವೇ. ಗಾಝಾದ ವಿಷಯ ಮಕ್ಕಳಿಗೆ ಹೇಳಬೇಕು. ಭೂಪಟ ತೆಗೆದು ತೋರಿಸಿ, ಚರಿತ್ರೆ ಹೇಳಿ, ಪತ್ರಿಕೆ ಓದಿಸಿ, ದುಆ ಮಾಡಿಸಿ. ಆದರೆ ಚೂರಾದ ಮಗುವಿನ ದೇಹವನ್ನು ಹನ್ನೆರಡರ ಮಗುವಿಗೆ ತೋರಿಸುವುದರಿಂದ ಗಾಝಾದ ಒಂದು ಮಗುವಿಗೂ ಒಂದು ತುತ್ತು ಹೆಚ್ಚು ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ನೋಡಿದ್ದೆಲ್ಲ ನಿಜವಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂದು ದೇಶವಿಡೀ ಹಬ್ಬಿದ ವದಂತಿಯ ಜೊತೆ ಓಡಾಡಿದ ಒಂದು ವಿಡಿಯೊ ಅಸಲಿಗೆ ಕರಾಚಿಯ ಒಂದು ಸಂಸ್ಥೆಯ ಜಾಗೃತಿ ಚಿತ್ರ. ಅದರ ಕೊನೆಯ ಭಾಗ ಕತ್ತರಿಸಿ ಹರಡಿದ್ದರು. ಆ ವದಂತಿಯ ಕಾಲದಲ್ಲೇ, ಜುಲೈ 13ರಂದು, ನಮ್ಮ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದ್‌ನ ಯುವ ಎಂಜಿನಿಯರ್ ಒಬ್ಬರನ್ನು ಜನ ಹೊಡೆದು ಕೊಂದರು. ಅವರು ಮತ್ತು ಸ್ನೇಹಿತರು ಮಾಡಿದ್ದು ಶಾಲೆಯ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ತಂದಿತು. ಕಂಪೆನಿ ಐದಕ್ಕೆ ಇಳಿಸಿತು, ಸೊನ್ನೆಗೆ ಇಳಿಸುವುದು ನಮ್ಮ ಕೈಯಲ್ಲಿ ಉಂಟು.

ಸಿನಿಮಾ, ಗೇಮ್ ಮತ್ತು ನಮ್ಮದೇ ಬೆತ್ತ

ಗೇಮ್ ಆಡುವವರೆಲ್ಲ ಕೊಲೆಗಾರರಾಗುತ್ತಾರೆ ಎಂದು ಹೇಳುವುದು ಸರಿಯಲ್ಲ. ಕೊಲೆಯಂಥ ಕೃತ್ಯಗಳಿಗೆ ವಿಡಿಯೊ ಗೇಮ್ ಕಾರಣ ಎಂದು ಹೇಳಲು ಸಾಕಷ್ಟು ಆಧಾರ ಇಲ್ಲ ಎಂದು ಅಮೆರಿಕದ ಮನಃಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದೆ. ಬೈಗುಳ, ತಳ್ಳಾಟದಂಥ ಸಣ್ಣ ಆಕ್ರಮಣಶೀಲತೆಗೂ ಹಿಂಸೆಯ ಗೇಮ್‌ಗೂ ಸ್ವಲ್ಪ ಸಂಬಂಧ ಉಂಟು ಎಂದೂ ಅದೇ ಸಂಘ ಹೇಳಿದೆ. ಆದ್ದರಿಂದ ಮಗ ಗೇಮ್ ಆಡಿದ ಎಂದು ಮನೆಯಲ್ಲಿ ರಂಪ ಮಾಡುವ ಅಗತ್ಯ ಇಲ್ಲ. ಏನು ಆಡುತ್ತಾನೆ, ಎಷ್ಟು ಹೊತ್ತು, ಆಡಿದ ಮೇಲೆ ಹೇಗಿರುತ್ತಾನೆ ಎಂದು ಗಮನಿಸಬೇಕು.

ಸಿನಿಮಾದ ವಿಷಯವೂ ಹಾಗೆಯೇ. 2024ರ ಡಿಸೆಂಬರ್‌ನಲ್ಲಿ ಬಂದ ಮಲಯಾಳಂ ಚಿತ್ರ 'ಮಾರ್ಕೊ'ಗೆ ಹಿಂಸೆಯ ಕಾರಣಕ್ಕೆ 'ಎ' ಪ್ರಮಾಣಪತ್ರ ಕೊಡಲಾಗಿತ್ತು, ಅಂದರೆ 18 ತುಂಬಿದವರಿಗೆ ಮಾತ್ರ. ಥಿಯೇಟರ್ ಬಾಗಿಲಲ್ಲಿ ತಡೆಯಲು ಒಬ್ಬರಾದರೂ ಇರುತ್ತಾರೆ, ಫೋನ್‌ಗೆ ಬಾಗಿಲೇ ಇಲ್ಲ. ಈಗ ಯುಎ ಚಿತ್ರಗಳಿಗೂ 7, 13, 16 ಎಂದು ವಯಸ್ಸಿನ ಗುರುತು ಬಂದಿದೆ. ಮನೆಯಲ್ಲಿ ಚಿತ್ರ ಹಾಕುವ ಮೊದಲು ಮೂಲೆಯಲ್ಲಿ ಕಾಣುವ ಆ ಅಂಕಿ ನೋಡುವುದಕ್ಕೆ ಎರಡು ಸೆಕೆಂಡ್ ಸಾಕು.

ಇಷ್ಟು ಹೇಳಿ ನಮ್ಮ ಕೈಯನ್ನು ನಾವು ನೋಡದಿದ್ದರೆ ಅನ್ಯಾಯ. ಸೂಕ್ಷ್ಮ ಮಗುವಿಗೆ ಹಿಂಸೆ ಎಂದರೆ ಪರದೆಯ ಮೇಲಿನದ್ದು ಮಾತ್ರ ಅಲ್ಲ. ಉಮ್ಮನಿಗೆ ಉಪ್ಪ ಕೈ ಎತ್ತಿದ್ದೂ ಹಿಂಸೆಯೇ. ಗೆಳೆಯರ ಎದುರು ಮೈಬಣ್ಣಕ್ಕೆ, ತೊದಲು ಮಾತಿಗೆ ಹಾಕಿದ ಅಡ್ಡಹೆಸರೂ ಹಿಂಸೆಯೇ. ಮದ್ರಸದ ಬೆತ್ತವೂ ಹಿಂಸೆಯೇ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದು, ಮಾನಸಿಕ ಹಿಂಸೆ ಕೊಡುವುದು ನಿಷಿದ್ಧ. ಮದ್ರಸಕ್ಕೆ ಆ ಕಾಯ್ದೆ ಅನ್ವಯಿಸುತ್ತದಾ ಇಲ್ಲವಾ ಎಂದು ಚರ್ಚೆ ಮಾಡುತ್ತಾ ಕೂರಬೇಕಾಗಿಲ್ಲ. ಶಾಲೆಯಲ್ಲಿ ತಪ್ಪಾದದ್ದು ಅಲ್ಲಾಹನ ಕಲಾಂ ಕಲಿಸುವ ಜಾಗದಲ್ಲಿ ಸರಿಯಾಗಲು ಹೇಗೆ ಸಾಧ್ಯ? ಒಬ್ಬನಿಗೆ ಬಿದ್ದ ಬೆತ್ತ ಪಕ್ಕದಲ್ಲಿ ಕೂತ ಸೂಕ್ಷ್ಮ ಮಗುವಿಗೂ ಬೀಳುತ್ತದೆ. ಮರುದಿನ ಅವನಿಗೆ ಕಾಯಿದೆ ಪಾಠ ಬಾಯಲ್ಲಿ ಬರುವುದಿಲ್ಲ, ನಾವು ದಡ್ಡ ಎಂದು ಬರೆದಿಡುತ್ತೇವೆ. ಜಮಾಅತ್ ಕಮಿಟಿಯವರೂ ಮುಅಲ್ಲಿಮರೂ ಕೂತು ಇದನ್ನು ತೀರ್ಮಾನ ಮಾಡಬೇಕಾದ ಕಾಲ ಬಂದಿದೆ.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಫೋನ್. ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಫೋಟೊ, ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಬಹುದು. ಬಂದದ್ದು ಗ್ಯಾಲರಿಯಲ್ಲಿ ಕಾಣದ ಹಾಗೆಯೂ ಮಾಡಬಹುದು. ಗೊತ್ತಿಲ್ಲದಿದ್ದರೆ ಮಗನನ್ನೇ ಕೇಳಿ, ಅವನಿಗೆ ಗೊತ್ತಿರುತ್ತದೆ. ಹಾಗೆ ಕೇಳಿದರೆ ಮಾತಿಗೂ ಒಂದು ದಾರಿಯಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ನ್ಯೂಸ್ ಚಾನೆಲ್ ಬೇಡ. ಸುದ್ದಿ ಬೇಕಾದರೆ ಬೆಳಿಗ್ಗೆ ಪತ್ರಿಕೆ ಓದಿ, ಮಕ್ಕಳಿಗೂ ಓದಿಸಿ. ಓದುವಾಗ ಎಲ್ಲಿ ನಿಲ್ಲಿಸಬೇಕು ಎಂಬುದು ನಮ್ಮ ಕೈಯಲ್ಲಿರುತ್ತದೆ.

ಮಗು ಅಂಥದ್ದೊಂದು ನೋಡಿ ಆಗಿದೆ ಎಂದು ಗೊತ್ತಾದರೆ ಬೈಯಬೇಡಿ, ಫೋನ್ ಕಿತ್ತುಕೊಳ್ಳಬೇಡಿ. ಕಿತ್ತುಕೊಂಡರೆ ಮುಂದಿನ ಸಲ ನೋಡುತ್ತಾನೆ, ಹೇಳುವುದಿಲ್ಲ. "ಎಂತ ನೋಡಿದೆ? ನೋಡುವಾಗ ನಿನಗೆ ಹೇಗಾಯಿತು?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. "ಅದೆಲ್ಲ ಏನಿಲ್ಲ, ಮಲಗು" ಎನ್ನಬೇಡಿ, ಏನೋ ಉಂಟು ಎಂದು ಅವನಿಗೆ ಗೊತ್ತು. "ಹೌದು, ಅದು ನಡೆದದ್ದು ನಿಜ. ತುಂಬ ಕೆಟ್ಟದು. ನನಗೂ ಸಂಕಟ ಆಯಿತು. ಈಗ ನೀನು ನಮ್ಮ ಜೊತೆ ಇದ್ದೀ" ಎಂದರೆ ಸಾಕು. ಗಲ್ಫ್‌ನಲ್ಲಿರುವ ಉಪ್ಪಂದಿರಿಗೆ ಒಂದು ಮಾತು. ವಿಡಿಯೊ ಕಾಲ್‌ನಲ್ಲಿ ಮಾರ್ಕು ಕೇಳುವ ಮೊದಲು ನಿದ್ದೆ ಬಂತಾ ಎಂದು ಕೇಳಿ.

ಮೃದು ಮನಸ್ಸಿಗೆ ಕೆಲಸ ಬೇಕು. ನೋವನ್ನು ನೋಡಿ ಏನೂ ಮಾಡಲಾಗದೆ ಕೂರುವುದೇ ಅಂಥ ಮಕ್ಕಳಿಗೆ ದೊಡ್ಡ ಶಿಕ್ಷೆ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ನಿಲ್ಲುವವರಿಗೆ ಊಟ ಕೊಡುವ ಕೆಲಸವನ್ನು ನಮ್ಮ ಯುವಕರು ಮಾಡುತ್ತಿದ್ದಾರೆ. ರಜೆಯಲ್ಲಿ ಒಂದು ದಿನ ಮಗನನ್ನು ಅಂಥ ಕಡೆಗೆ ಕರೆದುಕೊಂಡು ಹೋಗಿ. ಅಲ್ಲಿ ಸಾಲಿನಲ್ಲಿ ನಿಂತವರಲ್ಲಿ ಎಲ್ಲ ಜಾತಿ, ಧರ್ಮದವರಿರುತ್ತಾರೆ. ಫೋನ್ ತೋರಿಸದ ಊರನ್ನು ಅವನು ಅಲ್ಲಿ ನೋಡುತ್ತಾನೆ.

ಒಳ್ಳೆಯ ಚರಿತ್ರೆಯನ್ನೂ ಹೇಳಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯಲ್ಲಿ ಇಳಿಯುವಾಗ ಕಣಿವೆಗೆ ಬಿದ್ದು 158 ಮಂದಿ ಹೋದರು, ಎಂಟೇ ಮಂದಿ ಉಳಿದರು. ನಮ್ಮ ಎಷ್ಟೋ ಮನೆಗಳ ದೀಪ ಆರಿದ ದಿನ ಅದು. ಬೆಂಕಿಯ ಹತ್ತಿರ ಮೊದಲು ಓಡಿ ಬಂದವರಲ್ಲಿ ಕೆಂಜಾರು ಸುತ್ತಮುತ್ತಲಿನ ಊರವರಿದ್ದರು. ಬಿದ್ದವರ ಹೆಸರು ಏನೆಂದು ಅವರು ಕೇಳಲಿಲ್ಲ. ಸುಟ್ಟ ದೇಹಗಳ ಚಿತ್ರ ಮಕ್ಕಳಿಗೆ ಬೇಡ, ಓಡಿ ಬಂದವರ ಕಥೆ ಬೇಕು.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಯಾಗದಿದ್ದರೆ, ಮಗು ಶಾಲೆಗೆ ಹೋಗಲು ಒಪ್ಪದಿದ್ದರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ ತಡ ಮಾಡಬೇಡಿ. ಆ ಕೊನೆಯ ಮಾತು ಬಂದರೆ ಒಂದು ದಿನವೂ ಕಾಯಬೇಡಿ. ಓದಿ ಊದಿಸಬೇಕು ಎಂದಿದ್ದರೆ ಉಸ್ತಾದರ ಹತ್ತಿರ ಕರೆತನ್ನಿ, ನಾವು ದುಆ ಮಾಡುತ್ತೇವೆ. ಆದರೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ. ಚಿಕಿತ್ಸೆ ಮಾಡಿಸುವುದೂ ಸುನ್ನತ್. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಇರುತ್ತದೆ, ಹಣ ಬೇಡ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ ನೇರವಾಗಿ ಸಹಾಯ ಕೇಳಬೇಕೆಂದರೆ 1098 ಉಂಟು. ಈ ಎರಡು ನಂಬರನ್ನು ಅಡುಗೆಕೋಣೆಯ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ.

ಊರಲ್ಲಿ ಇನ್ನೊಮ್ಮೆ ಏನೂ ಆಗದಿರಲಿ ಎಂದು ನಾವೆಲ್ಲ ದುಆ ಮಾಡುತ್ತೇವೆ. ಆದರೂ ಆಗಬಹುದು, ಆಗ ವಿಡಿಯೊ ಬರುತ್ತದೆ. ಅದು ಬರುವ ಮೊದಲೇ ಮಾಡಬೇಕಾದ ಒಂದು ಕೆಲಸ ಉಂಟು. ಇವತ್ತು ಇಶಾ ಆದ ಮೇಲೆ ನಿಮ್ಮ ಕುಟುಂಬದ ಗ್ರೂಪಿನಲ್ಲಿ ಇಷ್ಟು ಬರೆದು ಹಾಕಿ: "ಈ ಗ್ರೂಪಿನಲ್ಲಿ ಮಕ್ಕಳಿದ್ದಾರೆ. ರಕ್ತ, ಹೆಣ, ಹೊಡೆದಾಟದ ವಿಡಿಯೊ ಯಾರೂ ಹಾಕಬೇಡಿ." ಹಿರಿಯರು ಹಾಕಿದರೆ ಇನ್ನೂ ಒಳ್ಳೆಯದು. ಒಬ್ಬಿಬ್ಬರಿಗೆ ಬೇಸರ ಆಗಬಹುದು. ಒಳಕೋಣೆಯಲ್ಲಿ ಬಾಗಿಲು ಹಾಕಿ ಕೂರುವ ಆ ಮಗು ಮಾತ್ರ ಅದನ್ನು ಓದುತ್ತದೆ. ತನ್ನ ಮನಸ್ಸು ಯಾರಿಗೋ ಅರ್ಥವಾಗಿದೆ ಎಂದು ಅದಕ್ಕೆ ಗೊತ್ತಾಗುತ್ತದೆ.